ಮಸಣದ ಮಾರನಿಗೆ ತಟ್ಟೆ ಇಡ್ಲಿ

ತಿಪಟೂರಿನ ಕೋಡಿ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ತೋಂಟದಾರ್ಯನವರಿಗೆ ಸ್ಟೀಲು ಪಾತ್ರೆ ಮಾರುವುದು ಹೊಟ್ಟೆಪಾಡು. ಜಗಳ ಬಿಡಿಸುವುದು ಜೀವನದ ಉದ್ದೇಶ. ಎಲ್ಲೇ ಎರಡು ದನಿ ಜೋರಾದರೂ ಸರಿ, ಗಿರಾಕಿಯ ಕೈಗೆ ಕೊಡಬೇಕಾದ ಕುಕ್ಕರನ್ನು ಅಲ್ಲೇ ಕುಕ್ಕಿ, ಹೆಗಲ ಮೇಲೆ ಟವೆಲ್ಲು ಎಸೆದುಕೊಂಡು ಹೊರಟುಬಿಡುವರು.

ಅವರು ಮಾಡಿಸಿದ ರಾಜಿಗಳ ಬಗ್ಗೆ ಊರಿನಲ್ಲಿ ಬೇರೆಯೇ ಅಭಿಪ್ರಾಯವಿತ್ತು. ಅಡುಗೆಮನೆಯೊಳಗೆ ಮಾತ್ರ ಜಗಳವಾಡುತ್ತಿದ್ದ ಗಂಡಹೆಂಡಿರು ಇವರ ಪಂಚಾಯ್ತಿಯಾದ ಮೇಲೆ ಸಂಕೋಚ ಬಿಟ್ಟು ಬೀದಿಯಲ್ಲೇ ಆಡತೊಡಗಿದ್ದರು. ನಡುವೆ ಒಂದು ಗೋಡೆ ಏಳಬೇಕೋ ಬೇಡವೋ ಎಂದು ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರು, ಇವರು ಹೋಗಿ ಬುದ್ಧಿ ಹೇಳಿದ ಮೇಲೆ, ಆಳಿಗೊಂದರಂತೆ ಎರಡು ಗೋಡೆ ಎಬ್ಬಿಸಿ, ನಡುವೆ ಉಳಿದ ಓಣಿ ಯಾರದೆಂದು ಕೋರ್ಟಿಗೆ ಹೋದರು. ಆದರೆ ತೋಂಟದಾರ್ಯನವರ ದೃಷ್ಟಿಯಲ್ಲಿ ರಾಜಿ ಎಂದರೆ ತಾವು ಹೋಗಿ, ಮಾತಾಡಿ, ಕಾಫಿ ಕುಡಿದು ಬಂದದ್ದು. ಆಮೇಲೆ ಆದದ್ದು ಆಯಾ ಜನರ ಹಣೆಬರಹ.

ಇವರ ಹೆಂಡತಿ ಶಿವರುದ್ರಮ್ಮನವರ ತಮ್ಮ ಮಹಾಂತೇಶ. ಶೆಟ್ಟಿಕೆರೆಯವನು, ತಿಪಟೂರಿಗೆ ಬಂದು ಶಾಮಿಯಾನ, ಮೈಕು, ಸೀರಿಯಲ್ ಲೈಟಿನ ಸೆಟ್ಟು ಬಾಡಿಗೆಗೆ ಕೊಡುತ್ತ, ಈಚೆಗೆ ತನ್ನನ್ನು ತಾನು ಈವೆಂಟ್ ಮ್ಯಾನೇಜರ್ ಎಂದು ಕರೆದುಕೊಳ್ಳುತ್ತಿದ್ದ. ಹೋದ ವರ್ಷ ಅವನು ತುಮಕೂರಿನಿಂದ ಇಬ್ಬರು ಪೈಲ್ವಾನರನ್ನು ಕರೆಸಿ ಒಂದು ಫೈಟು ಏರ್ಪಡಿಸಿದ್ದ. ಗರಡಿಮನೆಯ ಮಣ್ಣಿನ ಕುಸ್ತಿಯಲ್ಲ. ಟಿ.ವಿ.ಯಲ್ಲಿ ಬರುತ್ತದಲ್ಲ, ನಾಲ್ಕೂ ಕಡೆ ಹಗ್ಗ ಬಿಗಿದ ರಿಂಗು, ಬಣ್ಣದ ಲೈಟು, ಮುಖಕ್ಕೆ ಮಸಿ, ಮೈಕಿನಲ್ಲಿ ಬೈಗುಳ, ಅಂಥದ್ದು. ಒಳ್ಳೆಯವನ ಹೆಸರು ಕಲ್ಪತರು ಕಲಿ. ಕೆಟ್ಟವನ ಹೆಸರು ಮಸಣದ ಮಾರ.

ಆ ಫೈಟು ತಿಪಟೂರಿನ ಚರಿತ್ರೆಯಲ್ಲಿ ಸೇರಿಹೋಯಿತು. ಅದನ್ನು ಸೇರಿಸಿದವನು ತೋಂಟದಾರ್ಯನವರ ಪಕ್ಕದ ಅಂಗಡಿಯ ಟೈಲರ್ ಲಿಯಾಕತ್ ಅಲಿ. ಪ್ಯಾಂಟಿನ ಅಳತೆ ಕೊಡಲು ಬಂದವರು ಕೈಯೆತ್ತಿ ನಿಂತರೆ ಸಾಕು, ಟೇಪನ್ನು ಅವರ ಸೊಂಟಕ್ಕೆ ಸುತ್ತಿ ಹಿಡಿದುಕೊಂಡೇ ಶುರು ಮಾಡುತ್ತಿದ್ದ.

“ಮೈಕ್ ಹಿಡ್ದೋನೆ ಮಾರ ಏನಂದ ಗೊತ್ತಾ? ಕಲಿಯ ತಾಯಿ ಹೆಸರು ಎತ್ತಿದ! ಅರೆ, ತಾಯಿ ಹೆಸರು! ಕಲಿ ಕಣ್ಣು ಕೆಂಪಗಾಯ್ತು ಕಣಣ್ಣ. ಹಗ್ಗದ ಮೇಲಿಂದ ಹಾರಿದ ನೋಡು…”

ಕಲಿ ಹಾರಿದ್ದು ಮೊದಮೊದಲು ಹಗ್ಗದ ಮೇಲಿಂದಲೇ. ದೀಪಾವಳಿಯ ಹೊತ್ತಿಗೆ ಲಿಯಾಕತ್‌ನ ಕಥೆಯಲ್ಲಿ ಅವನು ಲೈಟುಕಂಬದಿಂದ ಹಾರುತ್ತಿದ್ದ. ಯುಗಾದಿ ಕಳೆಯುವಷ್ಟರಲ್ಲಿ ಓವರ್‌ಹೆಡ್ ಟ್ಯಾಂಕಿನ ಎತ್ತರ ಮುಟ್ಟಿದ್ದ. ಮಾರ ತೆಂಗಿನ ಮಟ್ಟೆಯಿಂದ ಕಲಿಯ ಬೆನ್ನಿಗೆ ಬಾರಿಸಿದ್ದು, ತಡೆಯಲಾರದೆ ಹೊನ್ನವಳ್ಳಿಯ ಅಜ್ಜಿಯೊಬ್ಬಳು ರಿಂಗಿಗೆ ನುಗ್ಗಿ ಎಲೆಅಡಿಕೆ ಚೀಲದಿಂದ ಮಾರನ ಮಂಡಿಗೆ ಹೊಡೆದದ್ದು, ಕೊನೆಗೆ ಇಬ್ಬರೂ ಒಟ್ಟಿಗೇ ಬಿದ್ದು ಯಾರೂ ಗೆಲ್ಲದೆ ಹೋದದ್ದು, ಇವಿಷ್ಟು ಕಥೆ ಮುಗಿಯುವ ತನಕ ಅಳತೆ ಕೊಡುವವರು ಕೈ ಇಳಿಸುವಂತಿರಲಿಲ್ಲ.

ತೋಂಟದಾರ್ಯನವರು ಆ ಫೈಟು ನೋಡಿರಲಿಲ್ಲ. ಅಂದು ಸಂಪಿಗೆ ಗ್ರಾಮದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಅದೇ ಕೊರಗು. “ನಾನಿದ್ದಿದ್ರೆ ಅಲ್ಲೇ ಕೂರ್ಸಿ ಮಾತಾಡ್ಬುಡ್ತಿದ್ದೆ,” ಎನ್ನುತ್ತಿದ್ದರು.

ಈ ವರ್ಷ ಊರ ಗೋಡೆಗಳ ಮೇಲೆ ಪೋಸ್ಟರು ಬಂತು. ‘ಸೇಡು! ಸೇಡು! ಸೇಡು! ಕಲಿ ಮತ್ತು ಮಾರ ಮತ್ತೆ ಮುಖಾಮುಖಿ. ಈ ಸಲ ಒಬ್ಬನೇ ನಡೆದು ಹೋಗುತ್ತಾನೆ.’ ಊರವರು ಆ ಕೊನೆಯ ಸಾಲನ್ನು ಓದಿ ಟಿಕೆಟ್ ತೆಗೆದುಕೊಂಡರು. ತೋಂಟದಾರ್ಯನವರು ಓದಿ ಊಟ ಬಿಟ್ಟರು.

“ಒಬ್ಬನೇ ನಡೆದು ಹೋಗ್ತಾನೆ ಅಂದ್ರೆ ಇನ್ನೊಬ್ಬನ್ನ ಹೊತ್ಕಂಡು ಹೋಗ್ತಾರೆ ಅಂತ ತಾನೆ?” ಎಂದು ಹೆಂಡತಿಯನ್ನು ಕೇಳಿದರು. “ಹೆಣ ಬಿದ್ರೆ ಪೊಲೀಸ್ನೋರು ಯಾರನ್ನ ಹಿಡೀತಾರೆ? ನಿನ್ ತಮ್ಮನ್ನ.”

“ಅವನ ವ್ಯಾಪಾರ ಅವನಿಗೆ ಗೊತ್ತೈತೆ. ನೀವು ಸುಮ್ನೆ ಅನ್ನ ಕಲಸ್ಕಳಿ,” ಎಂದರು ಶಿವರುದ್ರಮ್ಮ.

ಅವರು ಕಲಸಿದ್ದು ಬೇರೆ.

ಫೈಟಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಪೈಲ್ವಾನರು ಬಂದು ಲಾಡ್ಜಿನಲ್ಲಿ ಇಳಿದಿದ್ದಾರೆಂದು ಗೊತ್ತಾದ ಕೂಡಲೇ ತೋಂಟದಾರ್ಯನವರು ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದು ಅಲ್ಲಿಗೆ ಹೋದರು. ಮೊದಲು ಕೆಟ್ಟವನನ್ನು ಹಿಡಿಯಬೇಕು ಎಂಬುದು ಅವರ ಪದ್ಧತಿ. ಮಸಣದ ಮಾರನ ರೂಮು ಯಾವುದೆಂದು ಕೇಳಿಕೊಂಡು, ಟವೆಲ್ಲು ಬಿಗಿದು, ಬಾಗಿಲು ತಟ್ಟಿದರು.

ಬಾಗಿಲು ತೆರೆದವನು ಬಾಗಿಲಿನಷ್ಟೇ ಅಗಲವಿದ್ದ. ಆದರೆ ಹಣೆಯ ಮೇಲೆ ಮೂರು ಗೆರೆ ವಿಭೂತಿ, ಸೊಂಟದಲ್ಲಿ ಮಡಿಪಂಚೆ.

“ನಾನು ಮಾಂತೇಶನ ಭಾವ. ಮಸಣದ ಮಾರ ಅಂದ್ರೆ…”

“ನಾನೇ ಸಾರ್. ಜ್ಞಾನೇಶ ಅಂತ. ಶಿವಪೂಜೆ ಮಾಡ್ತಿದ್ದೆ, ಒಂದೈದ್ ನಿಮಿಷ ಕೂತ್ಕಳಿ.”

ತೋಂಟದಾರ್ಯನವರು ಮಂಚದ ಅಂಚಿನಲ್ಲಿ ಕೂತು ನೋಡಿದರು. ಮಾರನ ಕಣ್ಣಿಂದ ನೀರು ಇಳಿಯುತ್ತಿತ್ತು. ಕಿಟಕಿ ಮುಚ್ಚಿದ ರೂಮಿನಲ್ಲಿ ಊದುಬತ್ತಿ ಹಚ್ಚಿದರೆ ಯಾರ ಕಣ್ಣಿಂದಲಾದರೂ ಇಳಿಯುತ್ತದೆ. ಆದರೆ ತೋಂಟದಾರ್ಯನವರು ಅದನ್ನು ಪಶ್ಚಾತ್ತಾಪ ಎಂದು ಓದಿಕೊಂಡರು. ಅರ್ಧ ಕೆಲಸ ದೇವರೇ ಮಾಡಿಕೊಟ್ಟಿದ್ದಾನೆ ಅನ್ನಿಸಿತು.

“ತಮ್ಮಾ, ಒಳಗೊಳಗೇ ಬಾಳ ನೋವು ತಿಂತಿದೀಯ,” ಎಂದರು.

“ಹೂಂ ಸಾರ್. ಸೊಂಟ. ಹೋದ್ಸಲ ಬಿದ್ದಿದ್ದು ಇನ್ನೂ ಎಳೀತೈತೆ.”

“ಆ ಹುಡುಗನ ತಾಯಿಗೆ ನೀನು ಹಂಗೆ ಅನ್ನಬಾರ್ದಾಗಿತ್ತು.”

“ಯಾರು, ರಜಿಯಮ್ಮಂಗಾ? ಅವರು ನಕ್ಕರು ಸಾರ್. ಮೊನ್ನೆ ಹಬ್ಬದಾಗೆ ನಂಗೇಂತ ಬೇರೆ ಡಬ್ಬೀಲಿ ಶಾವಿಗೆ ಪಾಯಸ ಕಳ್ಸಿದ್ರು.”

ತೋಂಟದಾರ್ಯನವರು ಟವೆಲ್ಲು ಕಣ್ಣಿಗೆ ಒತ್ತಿಕೊಂಡರು. ಸಾವಿರಾರು ಜನರ ಎದುರು ತನಗೆ ಬೈದವನಿಗೆ ಪಾಯಸ ಕಳಿಸುವ ತಾಯಿ! ಅವರು ಇನ್ನೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಬಚ್ಚಲಮನೆಯ ಬಾಗಿಲು ತೆರೆದು, ತಲೆ ಒರೆಸಿಕೊಳ್ಳುತ್ತ, ಇನ್ನೊಂದು ಅಷ್ಟೇ ದೊಡ್ಡ ಆಳು ಹೊರಗೆ ಬಂತು. ಪೋಸ್ಟರಿನಲ್ಲಿ ನೋಡಿದ್ದ ಮುಖ. ಸಾಕ್ಷಾತ್ ಕಲ್ಪತರು ಕಲಿ.

“ಲೇ ಜ್ಞಾನಿ, ನನ್ ಚಾರ್ಜರ್ ಎಲ್ಲಿಟ್ಟೆ?” ಎಂದು ಅವನು ಗುಡುಗಿದ.

ತೋಂಟದಾರ್ಯನವರು ಛಂಗನೆ ಎದ್ದು ಇಬ್ಬರ ನಡುವೆ ಕೈ ಚಾಚಿ ನಿಂತರು. ಹೆಚ್ಚೂಕಡಿಮೆ ಇಬ್ಬರ ಎದೆಮಟ್ಟಕ್ಕೆ ಬಂದರು. “ಲಾಡ್ಜಿನೋನಿಗೆ ಬುದ್ಧಿ ಬೇಡ್ವಾ! ಇಬ್ಬರನ್ನೂ ಒಂದೇ ರೂಮಿಗೆ ಹಾಕೋದಾ! ತಮ್ಮಾ, ದುಡುಕಬೇಡ. ಚಾರ್ಜರ್ ವಿಷ್ಯ ಆಮೇಲೆ ತೀರ್ಮಾನ ಮಾಡನ. ಮೊದ್ಲು ತಾಯಿ ವಿಷ್ಯ.”

ಉಮರ್ ಫಾರೂಖ್ ಎಂಬುದು ಕಲಿಯ ನಿಜವಾದ ಹೆಸರು. ಅವನು ಜ್ಞಾನೇಶನ ಮುಖ ನೋಡಿದ. ಜ್ಞಾನೇಶ ಮೆಲ್ಲಗೆ, “ಮಾಂತೇಶಣ್ಣನ ಭಾವ ಅಂತೆ,” ಎಂದ. ಏರ್ಪಡಿಸಿದವನ ಭಾವ ಎಂದ ಮೇಲೆ ಇಬ್ಬರೂ ವಿನಯದಿಂದ ನಿಂತರು.

“ನೋಡ್ರಪ್ಪ,” ಎಂದು ತೋಂಟದಾರ್ಯನವರು ತಮ್ಮ ಹೆಸರಾಂತ ಭಾಷಣ ತೆಗೆದರು. “ಇವತ್ತು ನೀವು ಹಿಂಗೆ ಕಚ್ಚಾಡಿದ್ರೆ ನಾಳೆ ಕಷ್ಟಕ್ಕೆ ಹೆಗಲು ಕೊಡೋರು ಯಾರು? ಮನುಷ್ಯನ ಸಿಟ್ಟು ಹಾಲು ಉಕ್ಕಿದಂಗೆ, ಒಂದು ತೊಟ್ಟು ನೀರು ಹಾಕಿದ್ರೆ ಇಳೀತದೆ. ಒಬ್ಬರ ಮುಖ ಒಬ್ಬರು ನೋಡ್ಕಳಿ. ಹಾಂ. ನಗಿ. ಈಗ ಅಪ್ಕಳಿ.”

“ಸಾರ್, ಇದು ಪ್ರಮೋಷನ್‌ಗಾ?” ಎಂದು ಉಮರ್ ಕೇಳಿದ. ಪೇಟೆಯಲ್ಲಿ ಪ್ರಚಾರಕ್ಕೆ ಏನೇನೋ ಹೊಸ ಉಪಾಯ ಮಾಡುತ್ತಾರೆ, ಇದೂ ಒಂದಿರಬೇಕು ಅಂದುಕೊಂಡಿದ್ದ.

“ಇದರಿಂದಲೇ ಕಣಪ್ಪ ಪ್ರಮೋಷನ್ ಬರೋದು. ಒಳ್ಳೆ ನಡತೆ ಇದ್ದೋನೇ ಮೇಲಕ್ಕೆ ಹೋಗೋದು.”

ಸರಿ, ಅಪ್ಪಿಕೊಂಡರು. ತೋಂಟದಾರ್ಯನವರು ಅಷ್ಟಕ್ಕೇ ಬಿಡಲಿಲ್ಲ. ರಾಜಿ ಎಂದ ಮೇಲೆ ಒಂದೇ ಎಲೆಯಲ್ಲಿ ಉಣ್ಣಬೇಕು. ಇಬ್ಬರನ್ನೂ ನಡೆಸಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಬಂದು, ತಟ್ಟೆ ಇಡ್ಲಿ ತರಿಸಿ, ಕಲಿಯ ಕೈಯಿಂದ ಮಾರನ ಬಾಯಿಗೂ ಮಾರನ ಕೈಯಿಂದ ಕಲಿಯ ಬಾಯಿಗೂ ಇಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದರು. ಮಾರನಿಗೆ ಹಸಿವಾಗಿತ್ತು, ಫೋಟೊ ಸರಿ ಬರಲಿಲ್ಲ ಎಂದಾಗಲೆಲ್ಲ ಇನ್ನೊಂದು ತುತ್ತಿಗೆ ಸಂತೋಷದಿಂದ ಬಾಯಿ ತೆರೆದ.

ಆ ಫೋಟೊ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಹೋಯಿತು. ಕೆಳಗೆ ತೋಂಟದಾರ್ಯನವರ ಒಕ್ಕಣೆ: ‘ಶುಭ ಸಮಾಚಾರ. ಕಲ್ಪತರು ಕಲಿ ಹಾಗೂ ಮಸಣದ ಮಾರ ಇವರ ನಡುವಿನ ವೈಷಮ್ಯವು ಇಂದು ಬೆಳಿಗ್ಗೆ ನನ್ನ ಸಮಕ್ಷಮದಲ್ಲಿ ಪರಿಹಾರವಾಗಿದೆ. ಕಲಿಯ ತಾಯಿ ಮಾರನಿಗೆ ಪಾಯಸ ಕಳಿಸಿದ ವಿಚಾರ ಕೇಳಿದರೆ ಕಲ್ಲೂ ಕರಗುತ್ತದೆ. ಇನ್ನು ಮುಂದೆ ಇವರು ಹೊಡೆದಾಡುವುದಿಲ್ಲ. ಸರ್ವರಿಗೂ ಒಳ್ಳೆಯದಾಗಲಿ.’

ಸರ್ವರಿಗೂ ಸಿಟ್ಟು ಬಂತು.

ಅಂಗಡಿಗೆ ಮೊದಲು ಬಂದವನು ಲಿಯಾಕತ್ ಅಲಿ. ಕೊರಳಲ್ಲಿ ಟೇಪು, ಕೈಯಲ್ಲಿ ಫೋನು. “ತೋಂಟಣ್ಣ, ಇಡ್ಲಿ ತಿನ್ನಿಸ್ತಾವ್ನೆ! ತಾಯಿಗೆ ಬೈದೋನಿಗೆ ಕಲಿ ಚಟ್ನಿ ಹಚ್ಚಿ ತಿನ್ನಿಸ್ತಾವ್ನೆ!”

“ದ್ವೇಷ ಹೋಯ್ತು ಕಣಯ್ಯ. ಸಂತೋಷಪಡು.”

“ಅವರದ್ದು ಹೋಯ್ತು. ನಂದು? ಒಂದು ವರ್ಷದಿಂದ ಕಾಪಾಡ್ಕಂಡು ಬಂದಿದೀನಿ, ಅದನ್ನ ಎಲ್ಲಿಗೆ ಹಾಕ್ಲಿ?” ಎಂದ.

ಅವನ ಹಿಂದೆಯೇ ಮಹಾಂತೇಶ ಬಂದ. ಅವನ ಹಿಂದೆ, ಟಿಕೆಟ್ ವಾಪಸ್ ತಗೋ ಎಂದು ಕೂಗುತ್ತ, ಅರ್ಧ ಬೀದಿ ಬಂತು. ಜನರ ಹಿಂದೆ ಹೆಡ್ ಕಾನ್‌ಸ್ಟೇಬಲ್ ಹಾಲಸ್ವಾಮಿ ಬಂದರು. ಅವರು ಲಾಠಿಯಿಂದ ಒಂದು ಬೋಗುಣಿಯನ್ನು ಟಣ್ ಎಂದು ಬಡಿದು ಶಾಂತಿ ಸ್ಥಾಪಿಸಿದರು.

“ಯಾರ್ರೀ ರಾಜಿ ಮಾಡ್ಸಿದ್ದು?”

“ನಾನೇ ಸ್ವಾಮಿ,” ಎಂದು ತೋಂಟದಾರ್ಯನವರು ಶಾಲು ಹೊದಿಸಿಕೊಳ್ಳಲು ಮುಂದೆ ಬರುವವರ ಹಾಗೆ ಬಂದರು.

“ಊರಿನ ಶಾಂತಿ ಕೆಡಿಸ್ತಿದೀರಲ್ರೀ! ಹೊಡೆದಾಟಕ್ಕೆ ಪರ್ಮಿಷನ್ ತಗೊಂಡವ್ರೆ, ಬಂದೋಬಸ್ತ್ ಆಗೈತೆ. ಈಗ ಹೊಡೆದಾಟ ಇಲ್ಲ ಅಂದ್ರೆ ಗಲಾಟೆ ಆಗ್ತದೆ. ಹೊಡೆದಾಟ ಆದ್ರೆ ಗಲಾಟೆ ಇರಲ್ಲ. ಅಷ್ಟು ತಿಳಿಯಲ್ವಾ? ನೀವೇ ತಾನೆ ರಾಜಿ ಮಾಡ್ಸಿದ್ದು, ನೀವೇ ಬುಡಿಸಿ ಅದನ್ನ.”

“ಅದು ಹೆಂಗೆ ಸ್ವಾಮಿ? ಒಂದ್ಸಲ ಮನಸ್ಸು ಸೇರಿದ ಮೇಲೆ…”

ಮಹಾಂತೇಶನಿಗೆ ತಡೆಯಲಾಗಲಿಲ್ಲ. ಭಾವನವರನ್ನು ಅಂಗಡಿಯ ಒಳಕೋಣೆಗೆ, ಹಂಡೆಗಳ ನಡುವೆ, ಎಳೆದುಕೊಂಡು ಹೋಗಿ ಹಲ್ಲು ಕಚ್ಚಿ ಹೇಳಿದ: “ಭಾವ, ಅವರು ಒಂದೇ ಕಾರಲ್ಲಿ ಬಂದೋರು ಕಣ್ರೀ. ಒಂದೇ ಜಿಮ್ಮು. ಇವನ ಮನೇಲಿ ಅವನು ಉಣ್ತಾನೆ, ಅವನ ಮನೇಲಿ ಇವನು ಉಣ್ತಾನೆ. ಅದು ಆಟ! ಅವರ ಮಧ್ಯೆ ಜಗಳಾನೇ ಇರ್ಲಿಲ್ಲ!”

ತೋಂಟದಾರ್ಯನವರು ಒಂದು ಹಂಡೆಯ ಅಂಚು ಹಿಡಿದು ನಿಂತರು. ಕುಸ್ತಿ ಸುಳ್ಳು ಎಂಬುದು ಅವರನ್ನು ಅಷ್ಟೇನೂ ಬಾಧಿಸಲಿಲ್ಲ. ಬಾಧಿಸಿದ್ದು ಬೇರೆ. ಅವರು ಮಾಡಿಸಿದ ರಾಜಿಗಳಲ್ಲಿ ಕಣ್ಣಮುಂದೆಯೇ ಫಲಿಸಿದ್ದು, ಇಬ್ಬರೂ ನಕ್ಕು, ಅಪ್ಪಿ, ಒಂದೇ ತಟ್ಟೆಯಲ್ಲಿ ತಿಂದದ್ದು, ಇದೊಂದೇ. ಅದೂ ಜಗಳವೇ ಇಲ್ಲದವರ ನಡುವೆ.

ನೋವಾದ ಮನುಷ್ಯ ಸುಮ್ಮನಿರಬೇಕಿತ್ತು. ಇರಲಿಲ್ಲ. “ಅಂದ್ರೆ ನೀನು ಊರಿಗೆಲ್ಲ ಟೋಪಿ ಹಾಕ್ತಿದೀಯಾ?” ಎಂದರು.

“ಟೋಪಿ ಅಲ್ಲ, ಕಲೆ! ನೀವು ಹಾಕ್ತೀರಲ್ಲ ಪಂಚಾಯ್ತಿ, ಅದು ಟೋಪಿ. ನೀವು ಕಾಲಿಟ್ಟ ಯಾವ ಮನೆ ಉದ್ಧಾರ ಆಗೈತೆ ಹೇಳಿ. ಗಂಡಹೆಂಡ್ತಿ ಬೀದಿಗೆ ಬಂದ್ರು. ಅಣ್ಣತಮ್ಮ ಕೋರ್ಟಿಗೆ ಹೋದ್ರು.”

“ಮಾಂತೇಶ, ಮಾತು ಮೀರ್ತಿದೆ.”

“ನಿಮ್ಮನ್ನ ಕಟ್ಕಂಡ ನಮ್ಮಕ್ಕ ದೇವ್ರಂಥೋಳು!”

ಇದು ಒಳಕೋಣೆಯಲ್ಲಿ ಆಡಿದ ಮಾತಾದರೂ, ಹಂಡೆಗಳ ನಡುವೆ ಆಡಿದ್ದರಿಂದ ಗಂಟೆ ಬಾರಿಸಿದಂತೆ ಬೀದಿಗೆಲ್ಲ ಕೇಳಿಸಿತು. ಅಂದಿನಿಂದ, ಅಂದರೆ ಶನಿವಾರ ಮಧ್ಯಾಹ್ನದಿಂದ, ಭಾವನಿಗೂ ಭಾವಮೈದನಿಗೂ ಮಾತು ನಿಂತಿತು.

ಮಹಾಂತೇಶ ಸುಮ್ಮನೆ ಕೂರುವವನಲ್ಲ. ಸಂಜೆ ಮೈಕು ಕಟ್ಟಿದ ಆಟೋ ಊರೆಲ್ಲ ಸುತ್ತಿತು. ‘ರಾಜಿ ಎಂಬುದು ಶುದ್ಧ ಸುಳ್ಳು! ಇಡ್ಲಿ ತಿನ್ನಿಸುವ ನೆಪದಲ್ಲಿ ಮಾರನು ಕಲಿಯ ಬೆರಳು ಕಚ್ಚಿದ್ದಾನೆ! ವದಂತಿ ಹಬ್ಬಿಸುವ ಹೊಟ್ಟೆಕಿಚ್ಚಿನ ವ್ಯಕ್ತಿಗಳನ್ನು ನಂಬಬೇಡಿ!’ ಆಟೋ ಬೇರೆಲ್ಲ ಕಡೆ ಓಡುತ್ತಲೇ ಕೂಗಿತು. ಪಾತ್ರೆ ಅಂಗಡಿಯ ಮುಂದೆ ಮಾತ್ರ ಏನೋ ಕೆಟ್ಟು ಹೋದಂತೆ ಬಹಳ ಹೊತ್ತು ನಿಂತು ಕೂಗಿತು.

ಶೆಟ್ಟಿಕೆರೆಯಿಂದ ಶಿವರುದ್ರಮ್ಮನವರ ತಾಯಿ ಕಲ್ಲಮ್ಮನ ಫೋನು ಬಂತು. “ಏನೇ, ನಿನ್ ಗಂಡ ನನ್ ಮಗನ ವ್ಯಾಪಾರ ಕೆಡಿಸಿದ್ನಂತೆ?”

“ನಿನ್ ಮಗ ನನ್ ಗಂಡನ ಮರ್ಯಾದೆ ತೆಗೆದ ಕಣವ್ವ,” ಎಂದರು ಶಿವರುದ್ರಮ್ಮ. ಫೋನಿಟ್ಟು, ಗಂಡನ ಕಡೆ ತಿರುಗಿ, “ನನ್ ತಮ್ಮನ ಹೊಟ್ಟೆ ಮೇಲೆ ಹೊಡೆದ್ರಲ್ರೀ,” ಎಂದರು. ಹೀಗೆ ಅವರೊಬ್ಬರು ಮಾತ್ರ ಎರಡೂ ಕಡೆ ನ್ಯಾಯವಾಗಿ ನಡೆದುಕೊಂಡರು.

ಭಾನುವಾರ ಸಂಜೆ ಮೈದಾನ ತುಂಬಿತು. ಟಿಕೆಟ್ ವಾಪಸ್ ಕೇಳಿದ್ದವರೂ, ಬೆರಳು ಕಚ್ಚಿದ್ದು ನಿಜವಿರಬಹುದೇ ಎಂದು ನೋಡಲು ಬಂದಿದ್ದರು. ತೋಂಟದಾರ್ಯನವರು ಹೆಂಡತಿಯೊಡನೆ ಬಂದು, ತಮಗೆ ಬರಬೇಕಾದ ಬಿಟ್ಟಿ ಪಾಸನ್ನು ತಿರಸ್ಕರಿಸಿ, ಟಿಕೆಟ್ ಕೊಂಡು, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತರು. ಒಂದು ಪಕ್ಕ ಶಿವರುದ್ರಮ್ಮ, ಇನ್ನೊಂದು ಪಕ್ಕ ಲಿಯಾಕತ್ ಅಲಿ.

ಫೈಟು ಶುರುವಾಯಿತು. ಅದರ ಜೊತೆಗೇ ಲಿಯಾಕತ್ ಅಲಿಯ ತುಲನೆಯೂ ಶುರುವಾಯಿತು.

“ಹೋದ ಸಲ ಬರುವಾಗ ಹೊಗೆ ಬಿಟ್ಟಿದ್ರು. ಈ ಸಲ ಎಲ್ಲಿ ಹೊಗೆ? ನೋಡು, ನೋಡು, ಹೋದ ಸಲ ಇಷ್ಟೊತ್ತಿಗೆ ತಾಯಿಗೆ ಬೈದು ಮುಗಿದಿತ್ತು.”

ಮಾರ ಮುಖಕ್ಕೆ ಮಸಿ ಬಳಿದುಕೊಂಡು ರಿಂಗಿನ ನಡುವೆ ನಿಂತು, ಲಿಯಾಕತ್ ಅಲಿಯೇ ಹೊಲಿದುಕೊಟ್ಟಿದ್ದ ಕರಿ ನಿಲುವಂಗಿ ಬೀಸಿ ಗರ್ಜಿಸಿದ. ಹೋದ ವರ್ಷ ಈ ಗರ್ಜನೆಗೆ ಮಕ್ಕಳು ಅತ್ತಿದ್ದವು. ಈ ಸಲ ಹಿಂದಿನಿಂದ ಯಾರೋ, “ಇಡ್ಲಿ ಸಾಲ್ದೇನ್ಲಾ ಮಾರ?” ಎಂದರು. ಮೈದಾನ ನಕ್ಕಿತು. ಮಾರ ಮೈಕು ಹಿಡಿದು, “ಲೋ ಕಲಿ! ನಿನ್ನ ತಾಯಿ…” ಎನ್ನುವಷ್ಟರಲ್ಲಿ ಹೆಂಗಸರ ಗುಂಪಿನಿಂದ, “ಪಾಯಸ ಕೊಟ್ಟೋಳಿಗೆ ಬೈತೀಯಾ, ನಾಲಿಗೆ ಬಿದ್ದೋಗ!” ಎಂದು ಕೂಗು ಬಂತು. ಜ್ಞಾನೇಶನಿಗೆ ನಿಜವಾಗಿಯೂ ನಾಚಿಕೆಯಾಗಿ ಮುಂದಿನ ಮಾತು ಮರೆತುಹೋಯಿತು. ಉಮರ್ ಅವನನ್ನು ಎತ್ತಿ ಒಗೆದ. ಅವನು ಬೀಳುವಾಗ ಸೊಂಟಕ್ಕೆ ಪೆಟ್ಟಾಗದಂತೆ ಉಮರ್ ಕೈ ಕೊಟ್ಟದ್ದು ಕೊನೇ ಸಾಲಿಗೂ ಕಾಣಿಸಿತು. “ಮೆತ್ತಗೆ, ಮೆತ್ತಗೆ! ಹಾಸಿಗೆ ಹಾಸಿ ಮಲಗ್ಸು!” ಎಂದರು ಜನ.

“ಹೋದ ಸಲದ ಕಾಲು ಭಾಗಾನೂ ಇಲ್ಲ,” ಎಂದು ಲಿಯಾಕತ್ ಅಲಿ ಟೇಪು ಸುತ್ತಿ ಜೇಬಿಗಿಟ್ಟ. ಅವನು ಟೇಪು ಜೇಬಿಗಿಟ್ಟನೆಂದರೆ ತೀರ್ಪು ಬಂದಂತೆ. ಹಿಂದಿನ ಸಾಲಿನವರು ಏಳತೊಡಗಿದರು.

ಆಗ ಮಹಾಂತೇಶ ರಿಂಗಿಗೆ ಹಾರಿದ. ಬೆವರು ಸುರಿಯುತ್ತಿತ್ತು. ಮಾರನ ಕೈಯಿಂದ ಮೈಕು ಕಿತ್ತುಕೊಂಡ. “ಹೋಗಬೇಡಿ! ಒಂದು ಮಾತು ಕೇಳಿ! ಇಂಥ ಒಳ್ಳೆ ಕಾರ್ಯಕ್ರಮ ಕೆಟ್ಟಿದ್ದು ಯಾರಿಂದ ಅಂತ ನಿಮಗೆ ತಿಳೀಬೇಕು. ಅಗೋ, ಮುಂದಿನ ಸಾಲಲ್ಲಿ ಕೈಕಟ್ಕಂಡು ಕೂತವ್ರಲ್ಲ, ನಮ್ಮ ಭಾವ! ಜಗಳ ಬುಡ್ಸೋ ಜಗದ್ಗುರುಗಳು!”

ತೋಂಟದಾರ್ಯನವರು ಎದ್ದರು. ಶಿವರುದ್ರಮ್ಮ ಪಂಚೆಯ ಚುಂಗು ಹಿಡಿದರು. ಚುಂಗು ಅವರ ಕೈಯಲ್ಲೇ ಉಳಿಯುವ ಅಪಾಯ ಕಂಡು ಬಿಟ್ಟರು. ರಿಂಗಿನ ಹಗ್ಗದೊಳಗೆ ತಲೆ ತೂರಿತು, ಹೊಟ್ಟೆ ತೂರಲಿಲ್ಲ. ಕಲ್ಪತರು ಕಲಿ ಗೌರವದಿಂದ ಹಗ್ಗ ಎತ್ತಿ ಹಿಡಿದ. ಎದ್ದಿದ್ದ ಜನ ಕೂತರು.

“ಕೊಡೋ ಇಲ್ಲಿ ಮೈಕು. ಏನಂದೆ?”

“ಇದ್ದಿದ್ದು ಅಂದೆ! ಮಹಾಜನಗಳೇ, ನಂಗೆ ಮದುವೆ ಆದ ಹೊಸದು. ನಾನೂ ನನ್ನ ಹೆಂಡ್ತಿ ಭವ್ಯಶ್ರೀನೂ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಒಂದೊತ್ತು ಮುನಿಸ್ಕಂಡಿದ್ವಿ. ಇವರು ಬಂದು ರಾಜಿ ಮಾಡ್ಸಿದ್ರು. ಆರು ತಿಂಗ್ಳು ಅವಳು ತವರಿಂದ ಬರ್ಲಿಲ್ಲ!”

ಮೈದಾನ ಹೋ ಎಂದಿತು.

“ಉಪ್ಪು ಜಾಸ್ತಿ ಆಗಿದ್ದು ನಿಜ!” ಎಂದರು ತೋಂಟದಾರ್ಯನವರು. “ನಾನು ಸತ್ಯ ಹೇಳ್ದೆ. ನೀವು ಸತ್ಯ ಹೇಳೋ ಮನೆಯೋರಾ? ಮದುವೇಲಿ ಅಳಿಯಂಗೆ ಅಂತ ಉಂಗುರ ಹಾಕಿದ್ರಲ್ಲ, ಬೆರಳಿಗೆ ಸಡಿಲ! ಕೈ ತೊಳೆಯೋವಾಗ ಮೋರಿಗೆ ಬಿತ್ತು. ಯಾರ ಅಳತೇದು ಅದು? ನಿಂದು ತಾನೆ? ನಿಂಗೆ ಮಾಡ್ಸಿದ್ದು ನಂಗೆ ಹಾಕಿದ್ರಿ!”

“ನಮ್ಮ ತೋಟದ ಎಳನೀರು ಕುಡ್ದು ಬೀಗರ ಮುಂದೆ ಸಪ್ಪೆ ಅಂದ್ರಿ!”

“ಸಪ್ಪೆ ಇತ್ತು ಕಣೋ!”

ತೆಂಗಿನ ಸೀಮೆಯವರು ಏನನ್ನು ಬೇಕಾದರೂ ಸಹಿಸಿಯಾರು, ಎಳನೀರು ಸಪ್ಪೆ ಎಂಬುದನ್ನು ಸಹಿಸರು. ಮಹಾಂತೇಶ ಭಾವನ ಟವೆಲ್ಲಿಗೆ ಕೈ ಹಾಕಿದ. ಭಾವ ಅವನ ಕಿವಿ ಹಿಡಿದರು. ಇಬ್ಬರೂ ಗಾಣದ ಹಾಗೆ ಸುತ್ತತೊಡಗಿದರು. ಮೈಕು ಕೆಳಗೆ ಬಿದ್ದು ಅವರ ಏದುಸಿರನ್ನು ಊರಿಗೆಲ್ಲ ಕೇಳಿಸಿತು. ಶೆಟ್ಟಿಕೆರೆಯಿಂದ ಬಂದ ಒಂದು ಗುಂಪು ಮಹಾಂತೇಶನ ಪರ, ಕೋಡಿ ಸರ್ಕಲ್ಲಿನವರು ತೋಂಟದಾರ್ಯನವರ ಪರ ಕೂಗಿದರು. ಹಾಲಸ್ವಾಮಿ ಬಿಡಿಸಲು ಎದ್ದವರು, ಹಿಂದಿನವರು ಕಾಣಲ್ಲ ಕೂತ್ಕಳಿ ಎಂದಿದ್ದರಿಂದ ಕೂತರು. ಕೊನೆಗೆ ತೋಂಟದಾರ್ಯನವರ ಕಾಲಿಗೆ ಅವರದೇ ಪಂಚೆ ತೊಡರಿ ಇಬ್ಬರೂ ಒಬ್ಬರ ಮೇಲೊಬ್ಬರು ಧೊಪ್ಪೆಂದು ಬಿದ್ದರು. ರೆಫರಿ, ಪಾಪ, ಅಭ್ಯಾಸಬಲದಿಂದ ಮೊಣಕಾಲೂರಿ, ನೆಲ ಬಡಿದು ಎಣಿಸತೊಡಗಿದ.

“ಯಾ ಅಲ್ಲಾ!” ಎಂದು ಲಿಯಾಕತ್ ಅಲಿ ಕುರ್ಚಿ ಹತ್ತಿದ. “ಇದು! ಇದು ಕಣಣ್ಣ ದ್ವೇಷ ಅಂದ್ರೆ!”

ಕಲಿ ಮತ್ತು ಮಾರ ಧಾವಿಸಿ ಬಂದು ಆಳಿಗೊಬ್ಬರನ್ನು ಕೊಬ್ಬರಿ ಚೀಲದಂತೆ ಎತ್ತಿ ನಿಲ್ಲಿಸಿದರು. ತೋಂಟದಾರ್ಯನವರು ಗಾಳಿಯಲ್ಲಿ ಕೈ ಬೀಸುತ್ತಲೇ ಇದ್ದರು. ಮಸಣದ ಮಾರ ಅವರ ಪಂಚೆ ಸರಿಮಾಡಿ, ಮಸಿ ಬಳಿದ ಮುಖ ಹತ್ತಿರ ತಂದು, ತುಂಬ ಕಾಳಜಿಯಿಂದ ಹೇಳಿದ: “ಸಾರ್, ಇವತ್ತು ನೀವು ಹಿಂಗೆ ಕಚ್ಚಾಡಿದ್ರೆ ನಾಳೆ ಕಷ್ಟಕ್ಕೆ ಹೆಗಲು ಕೊಡೋರು ಯಾರು? ಸಿಟ್ಟು ಹಾಲು ಉಕ್ಕಿದಂಗೆ ಅಲ್ವಾ ಸಾರ್?”

ತೋಂಟದಾರ್ಯನವರು ಕೈ ಇಳಿಸಿದರು. ತಮ್ಮ ಮಾತನ್ನು ಒಬ್ಬ ಮನುಷ್ಯ ಕೇಳಿಸಿಕೊಂಡು, ನೆನಪಿಟ್ಟು, ಹಿಂದಿರುಗಿ ಹೇಳಿದ್ದು ಅವರ ಜೀವನದಲ್ಲಿ ಅದೇ ಮೊದಲು.

“ಮುಖ ನೋಡ್ಕಳಿ,” ಎಂದ ಉಮರ್, ಮಹಾಂತೇಶನ ಭುಜ ತಿರುಗಿಸಿ. “ಹಾಂ. ಈಗ ನಗಿ.”

ಮಹಾಂತೇಶನ ಒಂದು ಕಿವಿ ದಾಸವಾಳದಂತಾಗಿತ್ತು. ಭಾವನ ಕನ್ನಡಕ ಹಣೆಗೆ ಏರಿತ್ತು. ಒಬ್ಬರನ್ನೊಬ್ಬರು ನೋಡಿ, ಮೊದಲು ನಗು ತಡೆಯಲು ನೋಡಿದರು, ಆಗಲಿಲ್ಲ.

“ಸಡಿಲಾನೇ ಇತ್ತು ಭಾವ ಉಂಗುರ,” ಎಂದ ಮಹಾಂತೇಶ. “ಅವ್ವ ಹೇಳಬೇಡ ಅಂದಿದ್ಲು.”

“ಎಳನೀರು ಅಷ್ಟೇನೂ ಸಪ್ಪೆ ಇರ್ಲಿಲ್ಲ ಬುಡು,” ಎಂದರು ತೋಂಟದಾರ್ಯನವರು.

ಅಪ್ಪಿಕೊಂಡಾಗ ಎದ್ದ ಶಿಳ್ಳೆಗೆ ಅಕ್ಕಪಕ್ಕದ ತೋಟಗಳ ಗಿಳಿಗಳೆಲ್ಲ ಹಾರಿದುವಂತೆ. ಇದು ಲಿಯಾಕತ್ ಅಲಿಯ ಮಾತು.

ಮಾರನೆಯ ದಿನದಿಂದ ಅವನ ಅಂಗಡಿಯಲ್ಲಿ ಅಳತೆ ಕೊಡುವವರು ಕೇಳುತ್ತಿದ್ದುದು ಒಂದೇ: ಹೋದ ವರ್ಷದ್ದು ಮೇಲೋ, ಈ ವರ್ಷದ್ದೋ? ಲಿಯಾಕತ್ ನ್ಯಾಯವಂತ. ಕಲಿ ಮಾರರ ವಿಷಯದಲ್ಲಿ ಮೊದಲನೆಯದೇ ಮೇಲು, ಎರಡನೆಯದು ಬರೀ ಇಡ್ಲಿ ಎಂದ. “ಆದ್ರೆ ಭಾವ ಭಾವಮೈದುನಂದು ಇದೆಯಲ್ಲ, ಅದರ ಮುಂದೆ ಎರಡೂ ಏನಿಲ್ಲ. ಹಗ್ಗದ ಮೇಲಿಂದ ಹಾರಿದ ನೋಡು ತೋಂಟಣ್ಣ…” ಹಗ್ಗದಡಿಯಲ್ಲಿ ತೂರಲಾರದೆ ಸಿಕ್ಕಿಕೊಂಡಿದ್ದ ತೋಂಟದಾರ್ಯನವರು ಪಕ್ಕದ ಅಂಗಡಿಯಲ್ಲಿ ಕೂತು ಇದನ್ನು ಕೇಳಿಯೂ ತಿದ್ದಲಿಲ್ಲ.

ಸುದ್ದಿ ಶೆಟ್ಟಿಕೆರೆಗೂ ಮುಟ್ಟಿತು. ಕಲ್ಲಮ್ಮನಿಗೆ ಒಂದೇ ಸಂಕಟ. ಊರವರೆಲ್ಲ ನೋಡಿದ್ದಾರೆ; ಹೆತ್ತವಳು, ಹೆಣ್ಣು ಕೊಟ್ಟವಳು, ಅವಳೇ ನೋಡಿಲ್ಲ. ಮಗನನ್ನೂ ಅಳಿಯನನ್ನೂ ಊಟಕ್ಕೆ ಕರೆದಳು. ಹೋಗಿ ನೋಡಿದರೆ ಅಂಗಳದಲ್ಲಿ ಅರ್ಧ ಊರು ಚಾಪೆ ಹಾಸಿಕೊಂಡು ಕೂತಿತ್ತು.

“ಊಟ ಆಮೇಲೆ. ಮೊದ್ಲು ಅದನ್ನ ಒಂದ್ಸಲ ಆಡ್ರಪ್ಪ,” ಎಂದಳು ಕಲ್ಲಮ್ಮ.

ಹಿರಿಯರ ಮಾತು ಮೀರುವಂತಿರಲಿಲ್ಲ. ಇಬ್ಬರೂ ಅಂಗಳದ ನಡುವೆ ಎದುರುಬದುರು ನಿಂತರು. ತೋಂಟದಾರ್ಯನವರು ಗಂಟಲು ಸರಿಮಾಡಿಕೊಂಡು, “ಉಂಗುರ ಸಡಿಲ ಇತ್ತು,” ಎಂದರು. “ಹೌದು ಭಾವ, ಹೊಸದು ಮಾಡ್ಸಿಕೊಡ್ತೀನಿ,” ಎಂದ ಮಹಾಂತೇಶ. “ಕಿವಿ ಹಿಡೀಲಾ?” ಎಂದು ಇವರು ಕೇಳಿದರು. “ಹಿಡೀರಿ, ಆ ಕಡೇದು ಹಿಡೀರಿ, ಇದು ಇನ್ನೂ ನೋಯ್ತದೆ,” ಎಂದು ಅವನು ತಿರುಗಿ ನಿಂತ. ಹಿಡಿದರು. ಯಾರಿಗೂ ಏನೂ ಅನ್ನಿಸಲಿಲ್ಲ.

“ಇಷ್ಟೇನಾ?” ಎಂದಳು ಮುಂದೆ ಕೂತಿದ್ದ ಒಬ್ಬಳು. “ತಿಪಟೂರಿಂದು ಬಾಳ ಚೆನ್ನಾಗಿತ್ತಂತೆ.” “ಅದೇ ಬೇರೆ, ಇದೇ ಬೇರೆ,” ಎಂದ ಮತ್ತೊಬ್ಬ, ಎರಡನ್ನೂ ಬಲ್ಲವನಂತೆ. ಚಾಪೆ ಸುತ್ತಿಕೊಂಡು ಒಬ್ಬೊಬ್ಬರೇ ಎದ್ದು ಹೋದರು. ಕಲ್ಲಮ್ಮ ನಿಟ್ಟುಸಿರು ಬಿಟ್ಟು ಎಲೆ ಹಾಕಿದಳು.

ಬಿಸಿ ಹೋಳಿಗೆ ಬಂತು. ಹಿಂದೆಯೇ ತುಪ್ಪ ಬಂತು. ಕಲ್ಲಮ್ಮ ಅಳಿಯನ ಎಲೆಗೆ ಸೌಟಿನಲ್ಲಿ ಸುರಿದು, ಮಗನ ಎಲೆಗೆ ಬರುವಾಗ ತಪ್ಪಲೆ ಬಗ್ಗಿಸಿ ನೋಡಿ, ಚಮಚ ಕೇಳಿದಳು.

“ಯಾಕವ್ವ, ಅವರಿಗೆ ಸೌಟು, ನಂಗೆ ಚಮಚನಾ?” ಎಂದ ಮಹಾಂತೇಶ.

“ನನ್ನ ಎಲೆ ಮೇಲೆ ಯಾಕಯ್ಯ ನಿನ್ ಕಣ್ಣು?” ಎಂದರು ತೋಂಟದಾರ್ಯನವರು ಹೋಳಿಗೆ ಮುರಿಯುತ್ತ.

“ನಿಮ್ಮ ಎಲೆಯಲ್ಲ ಭಾವ, ನಮ್ಮ ಮನೆ ತುಪ್ಪ!”

“ಓಹೋ! ಹಂಗಾದ್ರೆ ಎತ್ಕೋ! ಬಗ್ಗಿಸ್ಕೋ!”

“ರೀ!” ಎಂದರು ಶಿವರುದ್ರಮ್ಮ. “ಲೇ ಮಾಂತೇಶ!”

ಎಲೆಯೊಂದು ಹರಿದ ಸದ್ದಾಯಿತು. ಎಲ್ಲರಿಗಿಂತ ಕೊನೆಯಲ್ಲಿ ಚಾಪೆ ಸುತ್ತಿಕೊಂಡು ಅಂಗಳ ದಾಟುತ್ತಿದ್ದ ಮುದುಕನೊಬ್ಬ ಒಳಗೆ ಇಣುಕಿದ. ನೋಡಿದವನೇ ಚಾಪೆಯನ್ನು ಅಲ್ಲೇ ಬಿಡಿಸಿ ಹಾಸಿ, ಬೀದಿಯ ಕಡೆ ತಿರುಗಿ, ಎರಡೂ ಕೈ ಬಾಯಿಗಿಟ್ಟು ಕೂಗಿದ:

“ಎಲ್ಲೋದ್ರಲಾ! ಬರ್ರೋ, ಈಗ ಶುರುವಾಯ್ತು!”